ಗಬ್ನಿತ್ ಎಂಬ ಹೆಸರು

ಬರಿಗೈಯ ಮೇಲೆ ಜೇನ್ನೊಣಗಳು ಹರಿದಾಡುತ್ತಿದ್ದರೂ ಪಕ್ಕದ ಮನೆಯ ಡೆಬ್ಬಿ ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದರು. ಹದಿಹರೆಯದಲ್ಲೇ ಐರ್ಲೆಂಡಿನಿಂದ ನರ್ಸಿಂಗ್ ಕಲಿಯಲು ಲಂಡನ್ನಿಗೆ ಬಂದವರು. ನಿವೃತ್ತರಾದ ಮೇಲೆ ಅಲ್ಲೇ ಹ್ಯಾರೋ ಬಡಾವಣೆಯ ಮನೆಯ ಹಿತ್ತಲಲ್ಲಿ ಜೇನುಪೆಟ್ಟಿಗೆ ಇಟ್ಟುಕೊಂಡಿದ್ದರು. "ಇವತ್ತು ಇವಕ್ಕೆ ಸಿಟ್ಟು ಬಂದಿದೆ, ಬಟ್ಟೆ ಒಣಹಾಕಬೇಡ" ಎಂದು ಬೇಲಿಯಾಚೆಯಿಂದ ಹವಾಮಾನ ಹೇಳುವವರಂತೆ ಹೇಳುತ್ತಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಮಗಳು ಹಿತ್ತಲಲ್ಲಿ ತಳ್ಳುಗಾಡಿಯೊಳಗೆ ಮಲಗಿದ್ದಳು. ಆಕಾಶವೇ ಗುಂಯ್‌ಗುಟ್ಟಿದಂತಾಯಿತು. ನೋಡುವಷ್ಟರಲ್ಲಿ ಜೇನಿನ ಇಡೀ ಹಿಂಡು ಗಾಡಿಯ ಕೊಡೆಗೆ ಜೋತುಬಿದ್ದಿತ್ತು, ಮಗುವಿನ ಮುಖಕ್ಕೆ ಗೇಣು ದೂರದಲ್ಲಿ. ವಿಜಯಪುರದ ನನ್ನ ಅತ್ತೆ ನನ್ನ ತೋಳು ಹಿಡಿದು, "ಅಲ್ಲಾಡಬ್ಯಾಡ" ಎಂದರು.

ಡೆಬ್ಬಿ ಬಂದರು. ಮುಖಕ್ಕೆ ಪರದೆಯಿಲ್ಲ, ಕೈಗೆ ಗವಸಿಲ್ಲ. ಆ ಗೊಂಚಲಿನಡಿ ಎರಡೂ ಅಂಗೈ ಜಾರಿಸಿ, ಕೂಸನ್ನು ಎತ್ತುವಂತೆ ಎತ್ತಿ ರಟ್ಟಿನ ಪೆಟ್ಟಿಗೆಗೆ ಇಳಿಸಿದರು. ಉಳಿದವು ತಾವಾಗಿಯೇ ಅವುಗಳ ಹಿಂದೆ ಪೆಟ್ಟಿಗೆಗೆ ಇಳಿದವು. ಮಗುವಿಗೆ ಎಚ್ಚರವೇ ಆಗಲಿಲ್ಲ.

"ಜೇನಹುಳ ಈಕಿ ಮಾತು ಕೇಳ್ತಾವ. ಈಕಿ ಹೆಸರಿನ ಅರ್ಥ ಏನು ಕೇಳು" ಎಂದರು ಅತ್ತೆ.

ನಾನು ಕೇಳಿದೆ. "ನಿಜವಾದ ಹೆಸರು ಗಬ್ನಿತ್" ಎಂದರು ಡೆಬ್ಬಿ. ಐರ್ಲೆಂಡಿನ ದಕ್ಷಿಣಕ್ಕೆ, ಕಾರ್ಕ್, ಕೆರಿ ಕಡೆ ಬಿಟ್ಟರೆ ಆ ಹೆಸರು ಇಡುವವರೇ ಕಡಿಮೆಯಂತೆ. ಕಮ್ಮಾರ ಎಂಬರ್ಥದ ಹಳೆಯ ಐರಿಷ್ ಮಾತಿನಿಂದ ಹುಟ್ಟಿದ್ದು. ದನ ಕದಿಯಲು ಬಂದವರ ಮೇಲೆ ಜೇನು ಬಿಟ್ಟು ಓಡಿಸಿದ ಸಂತಳೊಬ್ಬಳ ಹೆಸರು. "ಆಸ್ಪತ್ರೆಯಲ್ಲಿ ಯಾರ ನಾಲಿಗೆಗೂ ಅದು ಹೊರಳಲಿಲ್ಲ. ಹೀಬ್ರೂ ಭಾಷೆಯಲ್ಲಿ ಡೆಬೊರಾ ಅಂದರೆ ಜೇನ್ನೊಣ, ಅದನ್ನೇ ಡೆಬ್ಬಿ ಅಂತ ಮೊಟಕು ಮಾಡಿದರು. ಅದೇ ಇರಲಿ ಅಂದೆ."

ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅತ್ತೆಯ ಕಣ್ಣುಗಳು ಅರಳಿದವು. ಅವರ ಹೆಸರು ಭ್ರಮರಾಂಬಾ, ದುಂಬಿಗಳ ರೂಪದಲ್ಲಿ ರಾಕ್ಷಸನನ್ನು ಕೊಂದ ಶ್ರೀಶೈಲದ ದೇವಿಯದು.

"ನಾನೂ ಹುಳದಾಕೀನ ಅಂತ ಹೇಳವಾ ಆಕಿಗೆ."

ಹೇಳಿದೆ. ಡೆಬ್ಬಿ ಅತ್ತೆಯ ಎರಡೂ ಕೈ ಹಿಡಿದುಕೊಂಡರು. ಸಮುದ್ರದ ಆಚೆಗೊಬ್ಬ ಸಂತಳು, ಈಚೆಗೊಬ್ಬ ದೇವಿ. ಇಬ್ಬರ ಹಿಂದೆಯೂ ಅದೇ ಮೊರೆತ.

ಅಂದಿನಿಂದ ನಮ್ಮ ಬೀದಿಯಲ್ಲಿ ಆಕೆಯನ್ನು ಸ್ವಂತ ಹೆಸರಿನಿಂದ ಕರೆದವರು ಅತ್ತೆಯೊಬ್ಬರೇ. "ಗಬ್ನಿತವ್ವಾ, ರೊಟ್ಟಿ ತಿಂತಿಯೇನ?" ಆಕೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತ ಬಂದು ಕೂರುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಗಬ್ನಿತ್ ತೀರಿಕೊಂಡರು. ಕಾರ್ಕ್‌ನಿಂದ ಬಂದ ಅವರ ತಮ್ಮನ ಮಗ ಹಿತ್ತಲ ಬಾಗಿಲಲ್ಲೇ ನಿಂತಿದ್ದ. "ಯಜಮಾನಿ ಹೋದದ್ದನ್ನು ಜೇನಿಗೆ ಹೇಳಬೇಕು, ಇಲ್ಲದಿದ್ದರೆ ಅವು ಗೂಡು ಬಿಟ್ಟು ಹೋಗುತ್ತವಂತೆ, ಅದು ನಮ್ಮ ಕಡೆಯ ಪದ್ಧತಿ. ನನಗೆ ಹತ್ತಿರ ಹೋಗಲು ಹೆದರಿಕೆ" ಎಂದ.

ಅವನ ಮಾತನ್ನು ಅತ್ತೆಗೆ ತಿಳಿಸಿದೆ. ಅವರು ತಲೆ ಮೇಲೆ ಸೆರಗು ಹೊದ್ದು ಒಬ್ಬರೇ ಹೋದರು. ಪೆಟ್ಟಿಗೆಯ ಮೇಲೆ ಅಂಗೈಯೂರಿ ಬಗ್ಗಿದರು.

"ಗಬ್ನಿತ್ ಹ್ವಾದ್ಲು. ನೀವು ಹೆದರಬ್ಯಾಡ್ರಿ."