ಮೇಸ್ತ್ರಿಯ ಮೂರು ಚುಕ್ಕಿ

ತಿಂಗಳಿಗೊಮ್ಮೆ ತಲೆಗೂದಲಿಗೆ ಕಪ್ಪು ಹಚ್ಚಿಕೊಳ್ಳುವ ನನಗೆ, ‘ಹಳೆಯದಕ್ಕೆ ಬಣ್ಣ ಬಳಿದು ಮಾರುತ್ತಾರೆ’ ಎಂದು ಸಿಟ್ಟಾಗುವ ಹಕ್ಕಿದೆಯೋ ಇಲ್ಲವೋ, ನೀವೇ ಹೇಳಿ. ಹಕ್ಕು ಇರಲಿ ಬಿಡಲಿ, ಸಿಟ್ಟಂತೂ ಬಂದಿದೆ. ಇನ್ನೂ ಇಳಿದಿಲ್ಲ.

ನನ್ನದೊಂದು ಲಾರಿ, ಇಲವಾಲದ ಕಡೆಗೆ ಸಿಮೆಂಟು ಹೊರುತ್ತದೆ. ಹೋದ ವರ್ಷ ಅದರ ಸ್ಟಾರ್ಟರ್ ಕೈಕೊಟ್ಟಿತು. ಲಷ್ಕರ್ ಮೊಹಲ್ಲಾದ ಅಂತೋಣಿ ಮೇಸ್ತ್ರಿ ಇಪ್ಪತ್ತು ವರ್ಷದಿಂದ ಅದರ ವೈದ್ಯರು. “ಹೊಸದ್ಯಾಕೆ ಸಾರ್, ನಾನೇ ರೀಕಂಡೀಷನ್ ಮಾಡಿರೋದು ಒಂದದೆ” ಎಂದರು. ಅಂದರೆ ಮೈ ಹಳೆಯದು. ಒಳಗೆ ಸವೆದದ್ದನ್ನೆಲ್ಲ ಕಿತ್ತು ಹೊಸ ಬುಷ್ಷು, ಹೊಸ ಕಾರ್ಬನ್ನು, ಹೊಸ ವೈಂಡಿಂಗು. ಹಾಗೆ ಮಾಡಿದ ಪ್ರತಿಯೊಂದರ ಅಡಿಯಲ್ಲೂ ಪಂಚು ಇಟ್ಟು ಮೂರು ಚುಕ್ಕಿ ಹೊಡೆಯುವುದು ಅವರ ಪದ್ಧತಿ. ಅದೇ ಅವರ ಸಹಿ.

ನಾನು ಕೇಳಬೇಕಲ್ಲ! ಅಲ್ಲಿದ್ದ ನಾಲ್ಕು ಜನ ಡ್ರೈವರ್‌ಗಳ ಮುಂದೆಯೇ, “ಹಳೇದಕ್ಕೆ ಬಣ್ಣ ಹೊಡೆದು ನನ್ನ ತಲೆಗೆ ಕಟ್ತೀರಾ ಮೇಸ್ತ್ರಿ?” ಎಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. “ನಿಮ್ಮಿಷ್ಟ ಬುಡಿ” ಎಂದರು. ಆಮೇಲೂ ಲಾರಿಯ ಕೆಲಸ ಮಾಡಿಕೊಟ್ಟರು, ಆದರೆ ನನ್ನ ಜೊತೆ ಟೀ ಕುಡಿಯುವುದನ್ನು ಬಿಟ್ಟರು.

ನಾನು ಬೇರೊಂದು ಅಂಗಡಿಯಿಂದ ಸೀಲು ಒಡೆಯದ ಡಬ್ಬಿ ತಂದೆ. ಹೊಸ ಸ್ಟಾರ್ಟರಿಗೆ ಕುಂಕುಮವಿಟ್ಟೆ, ಕಾಯಿ ಒಡೆದೆ. ಮೇಸ್ತ್ರಿಯೇ ಅದನ್ನು ಕೂಡಿಸಿದರು. ವರ್ಷವಿಡೀ ಲಾರಿ ಒಂದೇ ಸಲಕ್ಕೆ ಸ್ಟಾರ್ಟಾಯಿತು. ‘ಹೊಸದು ಅಂದ್ರೆ ಹೊಸದೇ’ ಎಂದು ಅವರ ಕಿವಿಗೆ ಬೀಳುವಂತೆ ಎಷ್ಟು ಸಲ ಹೇಳಿದೆನೋ! ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಅಜ್ಜಿ ಹಿತ್ತಾಳೆ ಪಾತ್ರೆಗೆ ವರ್ಷ ವರ್ಷವೂ ಕಲಾಯಿ ಹಾಕಿಸಿ ಸಾರು ಕಾಯಿಸುತ್ತಿದ್ದಳು. ಪಾತ್ರೆಯ ವಯಸ್ಸನ್ನು ಯಾರೂ ಕೇಳಿದವರಲ್ಲ. ಅದೇ ಸಾರುಂಡು ಬೆಳೆದ ನಾನು ಕಬ್ಬಿಣದ ಜಾತಕ ಕೇಳುತ್ತಿದ್ದೆ.

ಕಳೆದ ವಾರ ಸರ್ವೀಸಿಗೆಂದು ಮೇಸ್ತ್ರಿ ಆ ಸ್ಟಾರ್ಟರನ್ನು ಬಿಚ್ಚಿ, ಜಿಡ್ಡು ಹೋಗಲೆಂದು ಡೀಸೆಲ್‌ನಲ್ಲಿ ತಿಕ್ಕಿ ತೊಳೆದರು. ದಪ್ಪನೆಯ ಬಣ್ಣ ಎದ್ದುಬಂತು. ಅಡಿಯಲ್ಲಿ ಮೂರು ಚುಕ್ಕಿ.

ಉರಿದುಹೋದೆ. ನೇರ ಡಬ್ಬಿ ಮಾರಿದ ಅಂಗಡಿಗೆ ಹೋಗಿ ಕೂಗಾಡಿದೆ. ಮೇಸ್ತ್ರಿ ಎಂದೋ ಮಾಡಿಕೊಟ್ಟಿದ್ದನ್ನು ಯಾವುದೋ ಗುಜರಿ ಲಾರಿಯಿಂದ ಬಿಚ್ಚಿ, ಬಣ್ಣ ಬಳಿದು ಡಬ್ಬಿಗೆ ಹಾಕಿದ್ದಂತೆ. “ಓಡ್ತಾ ಇದ್ಯಲ್ಲ ಸಾರ್, ಇನ್ನೇನ್ ಬೇಕು ನಿಮಗೆ?” ಎಂದ ಆ ಪುಣ್ಯಾತ್ಮ! ಅಲ್ಲ, ಇದೆಂಥ ಅನ್ಯಾಯ ನೋಡಿ. ಒಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ. ಅದರ ಸಹಿಯ ಮೇಲೆ ಬಣ್ಣ, ಹೊಗಳಿಕೆಯೆಲ್ಲ ರಟ್ಟಿನ ಡಬ್ಬಿಗೆ! ವರ್ಷವಿಡೀ ಆ ಡಬ್ಬಿಯನ್ನು ಹೊಗಳಿದವನು ನಾನೇ ಎಂಬುದು ಅದಕ್ಕಿಂತ ಹೆಚ್ಚು ಉರಿಯಿತು.

ವಾಪಸು ಬಂದು, ಡ್ರೈವರ್‌ಗಳ ಮುಂದೆಯೇ “ತಪ್ಪಾಯ್ತು ಮೇಸ್ತ್ರಿ” ಎಂದೆ. ಅವರು ಪಂಚು, ಸುತ್ತಿಗೆ ತೆಗೆದು ಅದೇ ಮೂರು ಚುಕ್ಕಿಗಳನ್ನು ಇನ್ನಷ್ಟು ಆಳವಾಗಿ ಹೊಡೆದರು.

“ಇನ್ ಯಾವ್ ಬಣ್ಣಕ್ಕೂ ಮುಚ್ಚೋಕಾಗಲ್ಲ ಬುಡಿ ಸಾರ್” ಎಂದು ನನ್ನ ತಲೆಯತ್ತ ಒಮ್ಮೆ ನೋಡಿ, ಎರಡು ಟೀ ಹೇಳಿದರು.