ಹಾರಲು ಮರೆತ ಹಕ್ಕಿಯ ಅಕ್ಕ

ಮೊನ್ನೆ ಬಟ್ಟೆ ಒಗೆಯಲು ನಮ್ಮ ಕಟ್ಟಡದ ನೆಲಮಾಳಿಗೆಗೆ ಇಳಿದಾಗ ಗೋಡೆಯ ಬುಡದಲ್ಲಿ ಹೊಸದೊಂದು ಕಪ್ಪು ಡಬ್ಬಿ ಕಂಡಿತು. ಇಲಿ ಪಾಷಾಣದ್ದು. ಬಗ್ಗಿದರೆ ಮೇಣಕ್ಕೆ ಹಳೆಯ ಗೋಧಿ ಬೆರೆತಂಥ ವಾಸನೆ. ಹಿಂದೆ ಒಮ್ಮೆ ಆ ವಾಸನೆ ನನಗೆ ಬಡಿದದ್ದು ಒಂದು ಮಳೆಕೋಟಿನಿಂದ... ಅದು ಅಕ್ಕನ ಕೋಟು. ಬಟ್ಟೆಯ ಬುಟ್ಟಿ ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದಾಗ ನಾನು ಸ್ವೀಡನ್ನಿನ ಉತ್ತರದ ಉಮಿಯೋದಲ್ಲಿ ಪಿಎಚ್‌ಡಿಗೆ ಸೇರಿದೆ. ವಿಶ್ವವಿದ್ಯಾಲಯದ ವಸತಿಯಲ್ಲಿ ನಮ್ಮಿಬ್ಬರಿಗೂ ಒಂದೇ ಅಡುಗೆಮನೆ. ನಾನು ಮೈಸೂರಿನವಳು, ಅವರು ಮೂಡುಬಿದಿರೆ ಕಡೆಯ ಜೈನರು, ನನಗಿಂತ ಬಹಳ ಹಿರಿಯರು, ಹಕ್ಕಿಗಳ ಸಂಶೋಧಕಿ. ಆಲೂಗಡ್ಡೆ ಇಲ್ಲದೆ ಊಟವೇ ಇಲ್ಲದ ದೇಶದಲ್ಲಿ ನೆಲದಡಿ ಬೆಳೆದ ಒಂದನ್ನೂ ಮುಟ್ಟದೆ ಬದುಕಿದ್ದರು. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನವೇ ಕತ್ತಲು. ಉಳಿದವರು ಫೀಕಾ ಎಂದು ಕಾಫಿ, ಬನ್ನು ಹಿಡಿದು ಕೂರುವ ಹೊತ್ತಿಗೆ ಅಕ್ಕ ರಾತ್ರಿಯೂಟ ಮುಗಿಸಿ ತಟ್ಟೆ ತೊಳೆಯುತ್ತಿದ್ದರು. "ಜೂನ್‌ನಲ್ಲಿ ರಾತ್ರಿಯೂ ಬೆಳಕಿರುತ್ತೆ, ಇಡೀ ರಾತ್ರಿ ತಿನ್ಬಹುದಲ್ಲಾ ಅಕ್ಕ," ಎಂದು ಛೇಡಿಸುತ್ತಿದ್ದೆ. ಸೌಟು ತೋರಿಸಿ ಹೆದರಿಸುತ್ತಿದ್ದರು.

ಅವರ ಜೀವವೆಲ್ಲ ಇದ್ದದ್ದು ಭೂಮಧ್ಯರೇಖೆಯ ಹತ್ತಿರದ, ಹಡಗುಗಳೂ ಅಪರೂಪಕ್ಕೆ ಹೋಗುವ ಒಂದು ಪುಟ್ಟ ದ್ವೀಪದಲ್ಲಿ. ಅಲ್ಲಿ ಹಾರುವುದನ್ನೇ ಮರೆತ ಒಂದು ಹಕ್ಕಿ ಇತ್ತು, ನಮ್ಮ ಕೆರೆದಂಡೆಯ ಹುಂಡುಕೋಳಿಯ ದೂರದ ನೆಂಟ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಗೂಡು ಕಟ್ಟುವುದು ನೆಲದ ಮೇಲೆ. ಎಂದೋ ಹಡಗಿನಿಂದ ಇಳಿದ ಇಲಿಗಳು ಮೊಟ್ಟೆ, ಮರಿಗಳನ್ನು ತಿಂದು ತಿಂದು ಬೆರಳೆಣಿಕೆಯಷ್ಟನ್ನು ಉಳಿಸಿದ್ದವು. ದ್ವೀಪದ ತುಂಬ ವಿಷದ ಉಂಡೆ ಚೆಲ್ಲಿ ಒಂದೇ ಒಂದು ಇಲಿಯೂ ಉಳಿಯದಂತೆ ಮಾಡುವುದೊಂದೇ ದಾರಿ. ಆ ಕೆಲಸಕ್ಕೆ ಹೊರಟ ತಂಡದಿಂದ ಅಕ್ಕನಿಗೆ ಕರೆ ಬಂತು.

ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವ ಹೆಂಗಸು. ವಾರಗಟ್ಟಲೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಊರಿಗೆ ಫೋನ್ ಮಾಡಿ ತಾಯಿಗೆ ಹೇಳಿದರೆ ಆಕೆ ಫೋನ್ ಇಟ್ಟುಬಿಟ್ಟರಂತೆ. ಕೊನೆಗೊಂದು ದಿನ ಬೇಳೆ ತೊಳೆಯುತ್ತ ಹೇಳಿದರು: "ಕೈ ಕಟ್ಟಿ ಕೂತ್ರೆ ಹಕ್ಕಿ ಹೋಗ್ತದೆ. ಅದೂ ಕೊಂದ ಹಾಗೇ ಅಲ್ವಾ? ಇಲಿಗಳ ಪಾಪ ನನ್ನ ತಲೆಗಿರ್ಲಿ. ಹೋಗಿ ಬರ್ತೇನೆ."

ಬೇಸಿಗೆಯಲ್ಲಿ ಹೋದವರು ಮರಳಿದ್ದು ಹಿಮ ಬಿದ್ದ ಮೇಲೆ. ಸಂಜೆ ಕ್ಯಾಂಪಸ್ಸಿನಿಂದ ಬಂದೆ. ಹೊರಗೆ ಕತ್ತಲಾಗಿ ಬಹಳ ಹೊತ್ತಾಗಿತ್ತು. ಅಕ್ಕ ದೀಪ ಹಾಕಿಕೊಂಡು ಅನ್ನ ಉಣ್ಣುತ್ತಿದ್ದರು. ಇದೇನು ಎಂದು ಕೇಳುವ ಧೈರ್ಯ ಬರಲಿಲ್ಲ. ಕುರ್ಚಿಗೆ ನೇತುಹಾಕಿದ್ದ ಕೋಟಿನಿಂದ ಆ ವಾಸನೆ ಬರುತ್ತಿತ್ತು. ಅವರೇ ಹೇಳತೊಡಗಿದರು...

ವಿಷ ಚೆಲ್ಲುವ ಮೊದಲು, ತಪ್ಪಿ ತಿಂದಾವೆಂದು, ಹಕ್ಕಿಗಳನ್ನೆಲ್ಲ ಹಿಡಿದು ಪಂಜರಗಳಲ್ಲಿ ಇಟ್ಟಿದ್ದರು. ನೋಡಿಕೊಳ್ಳುವ ಹೊಣೆ ಅಕ್ಕನದು. ಇಲಿಗಳು ಸತ್ತವು. ಆದರೆ ಪಂಜರದ ಹಕ್ಕಿಗಳು ಮೇವು ಬಿಟ್ಟವು, ತಂತಿಗೆ ಕುಟ್ಟಿ ಕೊಕ್ಕು ಒಡೆದುಕೊಂಡವು, ಒಂದೊಂದಾಗಿ ಸಾಯತೊಡಗಿದವು. ಹೊರಗೆ ನೆಲದ ಮೇಲೆ ವಿಷದ ಉಂಡೆ ಒಂದೂ ಕಾಣುತ್ತಿರಲಿಲ್ಲ. ಮಳೆಗೆ ಕರಗಿದ್ದು ಸ್ವಲ್ಪ, ಏಡಿಗಳು ತಿಂದದ್ದು ಬಹಳ. ಆ ವಿಷ ಏಡಿಯನ್ನು ಕೊಲ್ಲುವುದಿಲ್ಲ, ಅದರ ಮೈಯೊಳಗೆ ಉಳಿಯುತ್ತದೆ. ಮರಿ ಏಡಿ ಎಂದರೆ ಆ ಹಕ್ಕಿಗೆ ಪ್ರಾಣ. ಇನ್ನಷ್ಟು ದಿನ ಕಾಯಬೇಕು ಎಂದ ತಂಡದ ಮುಖ್ಯಸ್ಥ. ಕಾದರೆ ಪಂಜರದಲ್ಲೇ ಎಲ್ಲ ಮುಗಿಯುತ್ತವೆ ಎಂದು ಅಕ್ಕ ಹಟ ಹಿಡಿದರು, ಜಗಳವಾಡಿದರು, ಗೆದ್ದರು. ಬಾಗಿಲು ತೆರೆದದ್ದೂ ಅವರೇ. ಹಕ್ಕಿಗಳು ಓಡಿ ಪೊದೆ ಸೇರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ತಂಡವನ್ನು ಕರೆದೊಯ್ಯುವ ಹಡಗು ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಏಡಿ ತಿಂದು, ಕೊಕ್ಕಿನಿಂದ ರಕ್ತ ಸೋರಿ ಸತ್ತವನ್ನು ಪೊದೆಗಳಡಿಯಿಂದ ಅಕ್ಕನೇ ಹೆಕ್ಕಿ ತಂದರು. ಭೂಮಿಯ ಮೇಲೆ ಆ ಜಾತಿ ಅಲ್ಲಿಗೆ ಮುಗಿಯಿತು.

"ನಾನಾಗಿದ್ರೂ ಬಾಗಿಲು ತೆಗೀತಿದ್ದೆ ಅಕ್ಕ," ಅಂದೆ. ಸಮಾಧಾನಕ್ಕೆ ಆಡಿದ ಮಾತಲ್ಲ, ನಿಜವಾಗಿಯೂ ತೆಗೆಯುತ್ತಿದ್ದೆ.

"ನೀನು ತೆಗೀಬಹುದಿತ್ತು ಮಾರಾಯ್ತಿ. ನಿಂಗೆ ಏಡಿ ವಿಷ್ಯ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಅವು ಒದ್ದಾಡುದು ನೋಡ್ಲಿಕ್ಕಾಗ್ಲಿಲ್ಲ, ಅಷ್ಟೇ."

ನನಗೆ ಸಿಟ್ಟು ಉಕ್ಕಿಬಂತು. ಯಾರ ಮೇಲೆಂದು ಈಗಲೂ ತಿಳಿಯದು. ಕೊಲ್ಲಲು ಮನಸ್ಸು ಗಟ್ಟಿ ಮಾಡಿಕೊಂಡು ಹೋದವರನ್ನು ಕರುಣೆಯೇ ಹೀಗೆ ಮುಗಿಸಬೇಕೆ? ಅಕ್ಕ ಕೆಲಸ ಬಿಟ್ಟು ಊರಿಗೆ ಹೋದರು. ಮತ್ತೆ ಹಕ್ಕಿಗಳ ಸುದ್ದಿಗೆ ಹೋಗಲಿಲ್ಲವಂತೆ. ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಏನೋ ಕಾಯಿಲೆ ಎಂದರು...

ಮೊನ್ನೆ ನೆಲಮಾಳಿಗೆಯಿಂದ ಮೇಲೆ ಬಂದವಳೇ ಆ ದ್ವೀಪದ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಇಲಿಗಳಿಲ್ಲದ ದ್ವೀಪ, ಎಲ್ಲರಿಗೂ ಮಾದರಿ ಎಂದೆಲ್ಲ ಬರೆದಿದ್ದಾರೆ. ಫೋಟೋದಲ್ಲಿ ಮರಳು ಕಾಣದಷ್ಟು ಕಡಲಹಕ್ಕಿಗಳು, ಕಾಲ ಬಳಿ ಬೂದು ಬಣ್ಣದ ಮರಿಗಳು. ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅಕ್ಕನ ಕತೆಯನ್ನು ಅವಳಿಗೆ ಅರ್ಧ ಮಾತ್ರ ಹೇಳಿದ್ದೆ. ಇದರಲ್ಲಿ ಅವರ ಹಕ್ಕಿ ಯಾವುದು ಎಂದು ಸ್ವೀಡಿಶ್‌ನಲ್ಲಿ ಕೇಳಿದಳು.

"ಎಲ್ಲಾ ಅವರದ್ದೇ ಪುಟ್ಟಾ," ಅಂದೆ.

ಸುಳ್ಳೇನಲ್ಲ. ಇಲಿಗಳು ಹೋಗದಿದ್ದರೆ ಅಷ್ಟು ಮರಿಗಳು ಇರುತ್ತಿರಲಿಲ್ಲ. ಅಕ್ಕ ಉಳಿಸಲು ಹೋಗಿದ್ದ ಆ ಒಂದು ಹಕ್ಕಿ ಮಾತ್ರ ಅವುಗಳ ನಡುವೆ ಇರಲಿಲ್ಲ.