ಮಹಾನಂದಾಳ ಹೊಲಿಗೆ ಮಷಿನ್

ಗದಗದ ಮಹಾನಂದಾ ಡ್ರೆಸ್ಡೆನ್‌ಗೆ ಬಂದ ಮೇಲೆ ಮನೆಯಲ್ಲೇ ಕೂತು ಕೂಸುಗಳ ಕುಲಾವಿ, ಅಂಗಿ ಹೊಲಿದು ಆನ್‌ಲೈನ್‌ನಲ್ಲಿ ಮಾರುತ್ತಿದ್ದಳು. ಗಿರಾಕಿಗಳ ಜರ್ಮನ್ ಸಂದೇಶಗಳನ್ನು ಫೋನಿನಲ್ಲೇ ಅನುವಾದಿಸಿಕೊಂಡು ಉತ್ತರ ಕೊಡುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಇನ್ನು ಹೊಲಿಯಲಾಗದೆಂದು ಡಾಕ್ಟರು ಹೇಳಿದ ಮೇಲೆ ಹೊಲಿಗೆ ಮಷಿನ್ ಮಾರಲು ಮನಸ್ಸು ಗಟ್ಟಿ ಮಾಡಿಕೊಂಡಳು.

ಆನ್‌ಲೈನ್ ಜಾಹೀರಾತಿಗೆಂದು ಮಗಳು ಪವಿ ಕಿಟಕಿಯ ಬೆಳಕಿನಲ್ಲಿ ಅದರ ಫೋಟೋ ತೆಗೆದಳು. "ಅಮ್ಮಾ, ಡಿಫೆಕ್ಟ್ ಇದ್ರ ಈಗ್ಲೇ ಬರೀಬೇಕು. ಇಲ್ಲಾಂದ್ರ ಬ್ಯಾಡ್ ರೇಟಿಂಗ್ ಬರ್ತೈತಿ."

"ಏನೂ ಇಲ್ಲವ್ವಾ. ಪೆಡಲ್ ಮ್ಯಾಲೆ ಒಂದು ಗೀರು ಐತಿ, ಅದನ್ನ ಬರಿ."

ಜಾಹೀರಾತು ನೋಡಿ ಒಬ್ಬ ತರುಣಿ ಬಂದಳು. ಬಟ್ಟೆಯ ತುಂಡಿನ ಮೇಲೆ ಮಷಿನ್ ಓಡಿಸಿ ನೋಡಿ, "ಇಷ್ಟು ಚೆನ್ನಾಗಿದೆ, ಯಾಕೆ ಮಾರುತ್ತೀರಿ? ಏನಾದರೂ ತೊಂದರೆ ಇದೆಯೇ?" ಎಂದು ಜರ್ಮನ್‌ನಲ್ಲಿ ಕೇಳಿದಳು.

ಪವಿ ಬಾಯಿ ತೆರೆಯುವಷ್ಟರಲ್ಲಿ ಮಹಾನಂದಾ ಬಲಗೈಯನ್ನು ಶಾಲಿನೊಳಗೆ ಸರಿಸಿಕೊಂಡಳು. ತನಗೆ ಬರುವಷ್ಟು ಜರ್ಮನ್‌ನಲ್ಲಿ, "ಮಷಿನ್‌ಗೇನೂ ಆಗಿಲ್ಲ" ಎಂದಳು.

ತರುಣಿ ಅದನ್ನು ಕಾರಿಗೆ ಹಾಕಿಕೊಂಡು ಹೋದಳು. ಸಂಜೆ ಫೋನಿನಲ್ಲಿ ಅವಳು ಕೊಟ್ಟ ಐದು ನಕ್ಷತ್ರ ಕಾಣಿಸಿತು. ಅದರ ಕೆಳಗೇ ಹಳೆಯ ಗಿರಾಕಿಯೊಬ್ಬಳ ಸಂದೇಶವಿತ್ತು: ಎರಡನೇ ಮಗು ಹುಟ್ಟಿದೆ, ಮೊದಲಿನಂಥದೇ ಕುಲಾವಿ ಬೇಕು.

"ಅಂಗಡಿ ಬಂದ್ ಅಂತ ನಾ ಬರೀಲೇನಮ್ಮಾ?"

"ಬ್ಯಾಡ, ನಾನೇ ಬರೀತೀನಿ."

ಎಡಗೈ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಾ ಮಹಾನಂದಾ ಮೊದಲು ಮಗುವಿಗೆ ಶುಭ ಹಾರೈಸಿದಳು. ಮುಂದಿನ ಸಾಲು ಮಾತ್ರ ಎಷ್ಟು ಹೊತ್ತಾದರೂ ಬರೆಯಲಾಗಲಿಲ್ಲ. ಕಣ್ಣು ತುಂಬಿ ಅಕ್ಷರಗಳು ಕಾಣದಾದಾಗ ಫೋನನ್ನು ಮಗಳ ಕೈಗೆ ಕೊಟ್ಟಳು.